ಮಾತು ಬಿಟ್ಟಿದ್ದ ಆರ್ಗನ್: ಮಾರ್ಚ್‌ನಿಂದ ಜೂನ್‌ವರೆಗಿನ ರಿಪೇರಿ

ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ನಮ್ಮ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಪ್ರಸಂಗಪೀಠದ ಎಡಮಗ್ಗುಲಿಗೆ, ಕಾಲುತಿದಿಯ ಆರ್ಗನ್ ಒಂದಿದೆ. ಕೊಳವೆಗಳ ದೊಡ್ಡ ಆರ್ಗನ್ ಅಲ್ಲ. ಗಾಳಿಗೆ ಮಿಡಿದು ಸ್ವರ ಕೊಡುವ ಹಿತ್ತಾಳೆ ನಾಲಿಗೆಗಳದ್ದು, ಅಂದರೆ ರೀಡ್‌ಗಳದ್ದು, ಎರಡು ಪೆಡಲ್ ತುಳಿಯುತ್ತ ನುಡಿಸುವಂಥದ್ದು. 61 ಮನೆ (ಬೆರಳಿನಿಂದ ಒತ್ತುವ ಪಟ್ಟಿ), 11 ಸ್ಟಾಪ್ (ದನಿಯ ಬಗೆ ಬದಲಿಸಲು ಎಳೆಯುವ ಗುಂಡಿ), ಎರಡು ಸಾಲು ಸೇರಿ 122 ರೀಡ್. 2006ರಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಾಗಿನಿಂದ ಇದು ಮಾತು ಬಿಟ್ಟಿತ್ತು. ಮೇಲೆ ಹೂದಾನಿ ಇಡುತ್ತಿದ್ದರು.

ನಾನು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಭಾನುವಾರ ಕ್ವಾಯರ್‌ಗೆ ಕೀಬೋರ್ಡ್ ನುಡಿಸುತ್ತೇನೆ. ಕೀಬೋರ್ಡ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಳೆಯ ಗೀತೆಗಳಲ್ಲಿ ಸಭೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಗಾಳಿಯಲ್ಲಿ ನುಡಿಯುವ ವಾದ್ಯಕ್ಕೂ ಗಾಳಿಯಲ್ಲಿ ಹಾಡುವ ಜನಕ್ಕೂ ಲೆಕ್ಕ ಒಂದೇ.

ಮಾರ್ಚ್ ಮೊದಲ ವಾರ ಅಯ್ಯನೋರು, ಅಂದರೆ ನಮ್ಮ ಪಾದ್ರಿಗಳು, ಪ್ರಸಂಗದಲ್ಲಿ ಒಂದು ಮಾತು ಹೇಳಿದರು. ಕ್ರಿ.ಶ. 325ರಲ್ಲಿ ನೈಸಿಯಾ ಊರಲ್ಲಿ ಸಭೆಯ ಹಿರಿಯರು ಕೂಡಿದ್ದಕ್ಕೆ ಈ 2025ಕ್ಕೆ 1700 ವರ್ಷ ತುಂಬುತ್ತದೆ ಎಂದು. ನನಗೆ ತಕ್ಷಣ ನೆನಪಾದದ್ದು ‘ಹೋಲಿ, ಹೋಲಿ, ಹೋಲಿ’ (ಪರಿಶುದ್ಧ, ಪರಿಶುದ್ಧ, ಪರಿಶುದ್ಧ) ಗೀತೆ. ಅದರ ರಾಗದ ಹೆಸರೇ ನೈಸಿಯಾ. 1861ರಲ್ಲಿ ಜಾನ್ ಬ್ಯಾಕಸ್ ಡೈಕ್ಸ್ ಕಟ್ಟಿದ್ದು. ಸಾಹಿತ್ಯ ರೆಜಿನಾಲ್ಡ್ ಹೀಬರ್ ಅವರದು, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂದು ನೆನೆಯುವ ತ್ರಿಯೇಕ ಭಾನುವಾರಕ್ಕೆಂದೇ ಬರೆದದ್ದು. ಹೀಬರ್ ಕಲ್ಕತ್ತಾದ ಬಿಷಪ್ ಆಗಿದ್ದವರು. 1826ರ ಏಪ್ರಿಲ್‌ನಲ್ಲಿ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದರು. ನಮ್ಮ ಸೀಮೆಯ ಬಿಸಿಲು ಕಂಡ ಮನುಷ್ಯ ಬರೆದ ಗೀತೆ ಅಂತ ನನಗೆ ಅದರ ಮೇಲೆ ಬೇರೆಯದೇ ಪ್ರೀತಿ.

2025ರ ತ್ರಿಯೇಕ ಭಾನುವಾರ ಜೂನ್ 15. ಅಂದು ಈ ಗೀತೆ ಈ ಆರ್ಗನ್‌ನಲ್ಲೇ ಆಗಬೇಕು ಎಂದು ಕಮಿಟಿಯವರನ್ನು ಕೇಳಿದೆ. 5,000 ರೂಪಾಯಿ ಮಂಜೂರಾಯಿತು. ಮುಂದಿನದು ಕೆಲಸದ ಟಿಪ್ಪಣಿ. ತಪ್ಪು ಮಾಡಿದ ಕಡೆ ಹೆಚ್ಚು ಬರೆದಿದ್ದೇನೆ. ಇಂಥ ಪೆಟ್ಟಿಗೆ ಬಿಚ್ಚಲು ಕೂರುವ ಇನ್ನೊಬ್ಬರಿಗೆ ಬೇಕಾಗುವುದು ಅದೇ.

ಮಾರ್ಚ್ 9, ಭಾನುವಾರ: ಬಿಚ್ಚಿ ನೋಡಿದ್ದು

ಆರಾಧನೆ ಮುಗಿದ ಮೇಲೆ ನಾಲ್ವರು ಹಿಡಿದು ಗೋಡೆಯಿಂದ ಮೂರಡಿ ಈಚೆಗೆ ತಂದೆವು. ಹಿಂದಿನ ಹಲಗೆಗೆ ಆರು ಸ್ಕ್ರೂ. ಒಂದರ ತಲೆ ಸವೆದಿತ್ತು, ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾದು ತೆಗೆದೆ. ಒಳಗೆಲ್ಲ ಕೆಂಪು ಧೂಳು. ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದ್ದಿರಬೇಕು, ಬೆರಳಿಗೆ ಕುಂಕುಮದಂತೆ ಹತ್ತಿತು. ಪೆಡಲ್‌ಗಳ ಹಿಂದೆ ಎರಡು ಇಲಿಗೂಡು. ಮನೆಗಳ ಕೆಳಗಿನ ಫೆಲ್ಟ್ ಅರ್ಧಕ್ಕರ್ಧ ಆ ಗೂಡುಗಳಲ್ಲಿತ್ತು.

ಏನನ್ನೂ ಕೀಳುವ ಮುಂಚೆ ಅಳತೆ ಬರೆದುಕೊಂಡೆ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಒಂದೂವರೆ ಮೀಟರ್ ತಂದೆ, 40 ರೂಪಾಯಿ. ಅದನ್ನು ಹಲಗೆಯ ಮೇಲೆ ತೊಟ್ಟಿಲ ಹಗ್ಗದಂತೆ ಕೆಳಕ್ಕೆ ಬಾಗಿಸಿ ಕಟ್ಟಿ ಅರ್ಧ ನೀರು ತುಂಬಿದೆ. ಒಂದು ರೀಡ್ ತೆಗೆದ ಕಿಂಡಿಗೆ ಪೈಪಿನ ಒಂದು ತುದಿ ಸಿಕ್ಕಿಸಿ, ಸುತ್ತ ಮೇಣ ಮೆತ್ತಿ, ಆ ಮನೆಯನ್ನು ಒತ್ತಿ ಹಿಡಿದು ಪೆಡಲ್ ತುಳಿದೆ. ಪೈಪಿನ ಎರಡು ಕಡೆಯ ನೀರಿನ ಮಟ್ಟಕ್ಕೆ 22 ಮಿ.ಮೀ. ವ್ಯತ್ಯಾಸ. ಇಂಥ ಆರ್ಗನ್‌ಗೆ 70ರಿಂದ 80 ಬೇಕು. ತುಳಿಯುವುದು ನಿಲ್ಲಿಸಿದರೆ ಮೂರು ಸೆಕೆಂಡಿಗೆ ಸೊನ್ನೆ.

61 ಮನೆಗಳಲ್ಲಿ 38 ನುಡಿದವು. 14 ಮೂಕ. 9 ಮುಟ್ಟದಿದ್ದರೂ ಕೂಗುತ್ತಿದ್ದವು.

ಮಾರ್ಚ್ 16ರಿಂದ 23: ತಿದಿಯ ಬಟ್ಟೆ, ಮೊದಲ ಸೋಲು

ದೊಡ್ಡ ತಿದಿಯ ಹಲಗೆ 92 ಸೆಂ.ಮೀ. ಉದ್ದ, 40 ಅಗಲ. ಪೆಡಲ್‌ಗೆ ಸೇರಿದ ಸಣ್ಣ ತಿದಿ ಎರಡು, ತಲಾ 38ಕ್ಕೆ 34. ಹಳೆಯ ಬಟ್ಟೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಆದರೂ ಒಂದು ಚೂರೂ ಬಿಸಾಡಲಿಲ್ಲ. ಟೇಬಲ್ ಮೇಲೆ ಜೋಡಿಸಿ, ಬ್ರೌನ್ ಪೇಪರ್ ಇಟ್ಟು, ಮೂಲೆಯ ಮಡಿಕೆ ಸಮೇತ ಪ್ಯಾಟರ್ನ್ ತೆಗೆದೆ. ಇದು ನನ್ನ ದಿನದ ಕೆಲಸ, ಇಲ್ಲಿ ತಪ್ಪಲಿಲ್ಲ.

ತಪ್ಪಿದ್ದು ಬಟ್ಟೆಯಲ್ಲಿ. ಗಾಳಿ ದಾಟಬಾರದು, ಅಷ್ಟೇ ತಾನೆ ಎಂದುಕೊಂಡು ಬೈಕ್ ಸೀಟಿಗೆ ಹಾಕುವ ರೆಕ್ಸಿನ್ ತಂದೆ. 620 ರೂಪಾಯಿ. ಎರಡು ಸಂಜೆ ಕೂತು ರಬ್ಬರ್ ಸಲ್ಯೂಷನ್ ಹಚ್ಚಿ ಅಂಟಿಸಿದೆ. ಗಾಳಿ ಒಂದಿಷ್ಟೂ ಸೋರಲಿಲ್ಲ ನಿಜ. ಆದರೆ ರೆಕ್ಸಿನ್ ಗಡಸು. ತುಳಿದಾಗ ಮುಚ್ಚಿಕೊಂಡ ತಿದಿ, ಒಳಗಿನ ಸ್ಪ್ರಿಂಗ್ ತಳ್ಳಿದರೂ ಬಿಚ್ಚಿಕೊಳ್ಳಲಿಲ್ಲ. ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲು ಒಂದು ಸಾಲು ಹಾಡುವಷ್ಟು ಹೊತ್ತು. ಎಲ್ಲ ಕಿತ್ತೆ.

ಈಗ ನನ್ನ ಪರೀಕ್ಷೆ ಇದು: ನಾಲ್ಕು ಬೆರಳಗಲದ ಪಟ್ಟಿಯನ್ನು ತೋರುಬೆರಳ ಮೇಲೆ ಹಾಕಬೇಕು. ಎರಡು ತುದಿಯೂ ನೇರ ಕೆಳಕ್ಕೆ ಜೋತುಬೀಳಬೇಕು. ಕಮಾನಿನಂತೆ ನಿಂತರೆ ಆ ಬಟ್ಟೆ ತಿದಿಗೆ ಬೇಡ.

ಏಪ್ರಿಲ್ 6ರಿಂದ 13: ಎರಡನೆಯ ಸೋಲು

ಔಷಧಿ ಅಂಗಡಿಯಲ್ಲಿ ರೋಗಿಗಳ ಹಾಸಿಗೆಗೆ ಹಾಸುವ ಮ್ಯಾಕಿಂಟಾಷ್ ಶೀಟ್ ಸಿಗುತ್ತದೆ. ಮೀಟರಿಗೆ 240ರಂತೆ ಎರಡು ಮೀಟರ್. ಬೆರಳ ಮೇಲೆ ಚೆನ್ನಾಗಿ ಜೋತುಬಿತ್ತು. ಈ ಸಲ ಅಂಟು ಬದಲಿಸಿದೆ. ಹಳೆಯ ಮರಗೆಲಸದವರು ಬಳಸುವ ಸರೇಸು, ಅರ್ಧ ಕಿಲೋ 260 ರೂಪಾಯಿ. ಮುಂದೆ ಯಾರಾದರೂ ಬಿಚ್ಚಬೇಕಾದಾಗ ಬಿಸಿನೀರು ಹಚ್ಚಿದರೆ ಸರೇಸು ಬಿಡುತ್ತದೆ, ಮರ ಹಾಳಾಗುವುದಿಲ್ಲ. ರೆಕ್ಸಿನ್ ಕಿತ್ತಾಗ ಮರದ ಸಿಪ್ಪೆಯೂ ಎದ್ದು ಬಂದದ್ದು ನೋಡಿ ಕಲಿತ ಪಾಠ.

ಸರೇಸು ಕಾಯಿಸುವುದರಲ್ಲೂ ಒಮ್ಮೆ ಎಡವಿದೆ. ರಾತ್ರಿ ನೆನೆಹಾಕಿದ್ದನ್ನು ಬೆಳಿಗ್ಗೆ ನೇರವಾಗಿ ಒಲೆಯ ಮೇಲಿಟ್ಟೆ. ಕುದಿಯಿತು, ಮನೆ ತುಂಬ ಸುಟ್ಟ ಗೊರಸಿನ ವಾಸನೆ, ಹಿಡಿತವೂ ಹೋಯಿತು. ಅದನ್ನು ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟೇ ಕಾಯಿಸಬೇಕು. ಬೆರಳು ಅದ್ದಿದರೆ ಚುರುಕ್ ಅನ್ನುವಷ್ಟು, ಕುದಿಯಬಾರದು. ಎರಡನೆಯ ಸಲದ ಹದ ಸರಿಯಿತ್ತು.

ಈಸ್ಟರ್ ಹಿಂದಿನ ಗರಿಗಳ ಭಾನುವಾರ ಮಧ್ಯಾಹ್ನ, ಮಕ್ಕಳು ಬಿಟ್ಟುಹೋದ ಗರಿಗಳು ಬೆಂಚಿನ ಮೇಲೆ ಇನ್ನೂ ಬಿದ್ದಿದ್ದವು, ಪೆಡಲ್ ತುಳಿದು ನೋಡಿದೆ. ನಾಲ್ಕನೇ ತುಳಿತಕ್ಕೆ ಒಂದು ಅಂಚು ಬಾಳೆಹಣ್ಣಿನ ಸಿಪ್ಪೆಯಂತೆ ಕಳಚಿತು. ಐದು ನಿಮಿಷದಲ್ಲಿ ಮೂರು ಮಗ್ಗುಲೂ ಬಿಟ್ಟವು. ಮರದ ಮೇಲೆ ಸರೇಸು ಗಾಜಿನಂತೆ ಗಟ್ಟಿಯಾಗಿ ಕೂತಿತ್ತು. ಬಟ್ಟೆಗೆ ಮಾತ್ರ ಹತ್ತಿರಲಿಲ್ಲ.

ಏಪ್ರಿಲ್ 16: ಮಾಸ್ತರರು ಬಂದರು

ಯೂನಿಟ್‌ನಲ್ಲಿ ಕಾಜಾ ಹೊಡೆಯುವ ಹುಡುಗ ಸಿರುಗುಪ್ಪ ಕಡೆಯವನು. ಅವರೂರಿನ ನಾಟಕಗಳಿಗೆ ಲೆಗ್ ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರಿದ್ದಾರೆ, ರಿಪೇರಿಯನ್ನೂ ತಾವೇ ಮಾಡಿಕೊಳ್ಳುತ್ತಾರೆ ಎಂದ. ಫೋನ್ ಮಾಡಿದರೆ ಮರುದಿನವೇ ಬಸ್ ಹತ್ತಿದರು. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು, ಒಳಗೆ ಬಂದು, ಆರ್ಗನ್‌ಗೆ ಕೈ ಮುಗಿದು, ನೆಲದ ಮೇಲೆ ಕೂತರು. ಕಳಚಿದ ಶೀಟನ್ನು ಎರಡೂ ಕಡೆ ಉಗುರಿನಿಂದ ಕೆರೆದು ನೋಡಿದರು.

‘ಎರಡೂ ಮಗ್ಗಲಿಗೆ ರಬ್ಬರ್ ಐತಲ್ಲಪ್ಪ ಇದಕ್ಕ. ಸರೇಸು ನೂಲಿಗೆ ಹಿಡೀತೈತಿ, ಕಟ್ಟಿಗಿಗೆ ಹಿಡೀತೈತಿ, ಚರ್ಮಕ್ಕ ಹಿಡೀತೈತಿ. ರಬ್ಬರಿಗೆ ಹೆಂಗ ಹಿಡೀಬೇಕು?’

ಒಂದೇ ಮಗ್ಗುಲಿಗೆ ರಬ್ಬರ್ ಹಚ್ಚಿದ ಹತ್ತಿ ಬಟ್ಟೆ ಬೇಕಿತ್ತು. ಬೆಂಗಳೂರಿನಿಂದ ಬಸ್ ಪಾರ್ಸಲ್‌ನಲ್ಲಿ ಮೂರು ಮೀಟರ್ ತರಿಸಿದೆ, ಎಲ್ಲ ಸೇರಿ 2,250.

ಪೆಡಲ್ ತುಳಿದು ಒಂದೆರಡು ಮನೆ ಒತ್ತಿದ ಮಾಸ್ತರರು ಸುಮ್ಮನೆ ಕೂತುಬಿಟ್ಟರು. ಆಮೇಲೆ ಹೇಳಿದರು: ‘ನಮ್ ಪೆಟಿಗಿ ಉಸಿರು ಹೊರಗ ಬಿಡ್ತೈತಿ, ನಿಮ್ದು ಒಳಗ ಎಳಕಂತೈತಿ. ಅದಕ್ಕ ಇದರ ದನಿ ಮೆತ್ತಗ ಐತಿ.’ ಅದು ಸರಿ. ಹಾರ್ಮೋನಿಯಂ ತಿದಿ ಗಾಳಿಯನ್ನು ರೀಡ್‌ಗೆ ಊದುತ್ತದೆ. ಈ ಬಗೆಯ ಆರ್ಗನ್‌ನಲ್ಲಿ ತಿದಿ ಒಳಗಿನ ಗಾಳಿಯನ್ನು ಹೊರಹಾಕುತ್ತದೆ, ಹೊರಗಿನ ಗಾಳಿ ರೀಡ್ ದಾಟಿ ಒಳನುಗ್ಗುತ್ತದೆ. ಸೋರಿಕೆ ಹುಡುಕುವಾಗ ಇದು ತಲೆಯಲ್ಲಿರಬೇಕು. ಕೈ ಹಿಡಿದರೆ ಗಾಳಿ ಬಡಿಯುವುದಿಲ್ಲ.

ಏಪ್ರಿಲ್ 21ರಿಂದ 27: ಮೂರನೆಯ ಸಲ

ಈಸ್ಟರ್ ದಿನ ಮುಟ್ಟಲಿಲ್ಲ. ಮರುದಿನದಿಂದ ಒಂದು ವಾರ ಸಂಜೆ ಆರರಿಂದ ಹತ್ತರವರೆಗೆ ಕೆಲಸ.

ತಿದಿಯ ಹಲಗೆಗಳಿಗೆ ಕೀಲು ಬೇಕು, ಹಳೆಯದು ಕ್ಯಾನ್ವಾಸಿನದು. ಅದರ ಜಾಗಕ್ಕೆ ಯೂನಿಟ್‌ನಲ್ಲಿ ಉಳಿದ ದಪ್ಪ ಡೆನಿಮ್ ತುಂಡು, 6 ಸೆಂ.ಮೀ. ಅಗಲದ ಪಟ್ಟಿ, ಸರೇಸಿನಲ್ಲಿ ಎರಡು ಪದರ. ಅಂಚು ನೂಲು ಬಿಡದಂತೆ ಓವರ್‌ಲಾಕ್ ಹೊಡೆದೆ. ಅದರ ಮೇಲೆ ಹೊಸ ಬಟ್ಟೆ, ಹತ್ತಿಯ ಮಗ್ಗುಲು ಮರಕ್ಕೆ. ಅಂಚಿನ ಮೇಲೆ ಒಂದೂವರೆ ಸೆಂಟಿಮೀಟರಿನ ಕುರಿಚರ್ಮದ ಪಟ್ಟಿ. ಚರ್ಮ ಸಿಕ್ಕಿದ್ದು ತಬಲಾ, ಡೋಲಕ್ ರಿಪೇರಿ ಮಾಡುವವರ ಹತ್ತಿರ, ಎರಡು ತುಂಡಿಗೆ 700.

ನಮ್ಮೂರಿನ ಬಿಸಿಲು ಇಲ್ಲಿ ಉಪಕಾರ ಮಾಡಿತು. ಸರೇಸು ತಣ್ಣಗಾದರೆ ಬೇಗ ಹೆಪ್ಪುಗಟ್ಟುತ್ತದೆ, ಬಟ್ಟೆ ಸರಿಪಡಿಸಲು ಹೊತ್ತು ಸಿಗುವುದಿಲ್ಲ. ಏಪ್ರಿಲ್ ಕೊನೆಯ ಬಳ್ಳಾರಿಯಲ್ಲಿ ರಾತ್ರಿ ಎಂಟಕ್ಕೂ ಗೋಡೆ ಬಿಸಿ. ಆರಾಮಾಗಿ ಎಳೆದು, ಒತ್ತಿ, ಮೂಲೆ ಮಡಿಸಿ ಕೂರಿಸಿದೆ. ಮೇಲೆ ಇಸ್ತ್ರಿಪೆಟ್ಟಿಗೆ ಸವರಿದರೆ ಮತ್ತೆ ಕರಗಿ ಇನ್ನೂ ಬಿಗಿಯಾಗುತ್ತದೆ. ಎರಡು ದಿನ ಒಣಗಲು ಬಿಟ್ಟೆ.

27ರಂದು ಪೈಪ್ ಹಚ್ಚಿದರೆ 51 ಮಿ.ಮೀ. ತಿದಿ ಸರಿ ಇದೆ, ಸೋರಿಕೆ ಬೇರೆಲ್ಲೋ ಇದೆ. ಊದುಬತ್ತಿ ಹಚ್ಚಿ ಸಂದುಸಂದಿನ ಹತ್ತಿರ ಹಿಡಿದುಕೊಂಡು ಹೋದೆ, ಗೆಳೆಯ ಪೆಡಲ್ ತುಳಿಯುತ್ತಿದ್ದ. ನೇರ ಏಳುತ್ತಿದ್ದ ಹೊಗೆ ಒಂದು ಕಡೆ ಥಟ್ಟನೆ ಅಡ್ಡ ಬಾಗಿ ಮರದೊಳಗೆ ಹೋಯಿತು. ರೀಡ್‌ಗಳು ಕೂರುವ ಹಲಗೆಯ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು, 31 ಸೆಂ.ಮೀ. ಉದ್ದ. ಕಣ್ಣಿಗೆ ಬಿದ್ದಿರಲಿಲ್ಲ. ಪುಟ್ಟಿ ಮೆತ್ತಲು ಹೊರಟಿದ್ದೆ, ಮಾಸ್ತರರು ಫೋನಿನಲ್ಲೇ ಬೇಡವೆಂದರು. ಮಳೆಗಾಲದಲ್ಲಿ ಮರ ಉಬ್ಬಿದಾಗ ಪುಟ್ಟಿ ಅದನ್ನು ಮತ್ತೆ ಸೀಳುತ್ತದಂತೆ. ಬಿರುಕಿನ ಉದ್ದಕ್ಕೂ ತೆಳು ಚರ್ಮ ಅಂಟಿಸಿದೆ.

ಪೈಪಿನಲ್ಲಿ 78. ತುಳಿಯುವುದು ನಿಲ್ಲಿಸಿದ ಮೇಲೆ ಯಾವ ಮನೆಯನ್ನೂ ಮುಟ್ಟದೆ 40 ಸೆಕೆಂಡ್ ನಿಂತಿತು.

ಮೇ 1ರಿಂದ 4: ರೀಡ್ ತೊಳೆದದ್ದು

ರೀಡ್ ಎಳೆಯಲು ಕೊಕ್ಕೆ ಬೇಕು. ಸೈಕಲ್ ಕಡ್ಡಿಯ ತುದಿ ಬಡಿದು ಚಪ್ಪಟೆ ಮಾಡಿ, ಬಗ್ಗಿಸಿ, ಅರದಿಂದ ಹದ ಮಾಡಿಕೊಂಡೆ. ಥರ್ಮಾಕೋಲ್ ಹಾಳೆಯಲ್ಲಿ 122 ಸೀಳು, ಪ್ರತಿ ಸೀಳಿಗೆ ನಂಬರ್. ಎಳೆದದ್ದನ್ನು ಎಳೆದ ಕ್ಷಣವೇ ಅದರ ಸೀಳಿಗೆ ಸಿಕ್ಕಿಸಬೇಕು, ಆಮೇಲೆ ಮಾಡೋಣ ಅಂದರೆ ಮುಗಿಯಿತು.

ಹಿತ್ತಾಳೆ ಅಂದ ಮೇಲೆ ಹುಣಸೆಹಣ್ಣು. ಮನೆಯ ಬಿಂದಿಗೆ, ತಂಬಿಗೆ ಬೆಳಗುವುದು ಹಾಗೆಯೇ. ಆರು ರೀಡ್‌ಗಳನ್ನು ಹುಣಸೆನೀರಿನಲ್ಲಿ ಕಾಲು ಗಂಟೆ ನೆನೆಹಾಕಿದೆ. ಹೊಸದರಂತೆ ಹೊಳೆದವು. ವಾಪಸ್ ಕೂರಿಸಿದರೆ ಮೂರು ಮೂಕ, ಎರಡು ಜೀರುಂಡೆಯಂತೆ ಗುಂಯ್ ಅಂದವು. ನಾಲಿಗೆ ಮತ್ತು ಚೌಕಟ್ಟಿನ ನಡುವಿನ ಜಾಗ ಕಾಗದದ ದಪ್ಪದಷ್ಟು. ಹುಣಸೆಯ ಜಿಗುಟು ಅಲ್ಲಿ ಒಣಗಿ ಕೂತಿತ್ತು. ಬಿಸಿನೀರಿನಲ್ಲಿ ಮೂರು ಸಲ ತೊಳೆದು, ತೆಳು ಕಾಗದ ಸಂದಿಗೆ ಆಡಿಸಿ ತೆಗೆಯಬೇಕಾಯಿತು. ಅವತ್ತೇ ಗೊತ್ತಾಯಿತು, ರೀಡ್ ಹೊಳೆಯಬೇಕಾಗಿಲ್ಲ. ಉಳಿದ 116ನ್ನು ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದೆ. ಬ್ರಷ್ ಯಾವಾಗಲೂ ಬುಡದಿಂದ ತುದಿಯ ಕಡೆಗೆ. ತೊಳೆದ ಕೂಡಲೇ ಹೇರ್ ಡ್ರೈಯರ್ ಗಾಳಿ.

ಮನೆಗಳ ಕೆಳಗಿನ ಗಾಳಿಬಾಗಿಲುಗಳಿಗೆ ಹೊಸ ಫೆಲ್ಟ್ ಮತ್ತು ಚರ್ಮ, 540 ರೂಪಾಯಿ. ಇಲ್ಲಿ ಹಣ ಉಳಿಸಲು ಕುರಿ ಕಂಬಳಿಯ ತುಂಡು ಹಾಕಿ ನೋಡಿದ್ದೆ. ಒರಟು ಕೂದಲಿನ ನಡುವೆ ಗಾಳಿ ದಾರಿ ಮಾಡಿಕೊಂಡು ಒಂದರ ಹಿಂದೆ ಒಂದು ಮನೆ ತಾನಾಗಿ ಕೂಗಿತು. ಆದರೆ ಅದೇ ಕಂಬಳಿ ಮನೆಗಳ ಮುಂತುದಿಯ ಕೆಳಗೆ ಹಾಸಲು ಬಲು ಚೆಂದ ಒದಗಿತು. ಒತ್ತಿದಾಗ ಟಕ್ ಅನ್ನುವ ಸದ್ದೇ ಇಲ್ಲ.

ಮೇ 11: ‘ಕರಿ ಮೂರು’ ಮುರಿದೆ

ಫೋನಿನ ಟ್ಯೂನರ್‌ನಲ್ಲಿ ನೋಡಿದರೆ ಆರ್ಗನ್‌ನ ‘ಎ’ ಸ್ವರ ಸೆಕೆಂಡಿಗೆ 435 ಕಂಪನದ ಆಸುಪಾಸು. ಈಗಿನ ವಾದ್ಯಗಳು 440. ಸುಮಾರು 20 ಸೆಂಟ್ ತಗ್ಗು, ಅಂದರೆ ಅರ್ಧಸ್ವರದ ಐದನೇ ಒಂದು ಪಾಲು. ಕ್ವಾಯರ್‌ನ ಹುಡುಗರು ಎಲ್ಲ ರೀಡ್ ಏರಿಸಿಬಿಡಿ ಅಂದರು. ನಾನು ಒಪ್ಪಲಿಲ್ಲ. ಏರಿಸಬೇಕೆಂದರೆ 122 ನಾಲಿಗೆಗಳ ತುದಿ ಕೆರೆಯಬೇಕು, ಕೆರೆದ ಲೋಹ ಮತ್ತೆ ಬರುವುದಿಲ್ಲ. ಕೀಬೋರ್ಡನ್ನು 435ಕ್ಕೆ ಇಳಿಸಲು ಒಂದು ಬಟನ್ ಸಾಕು. ಗಿಟಾರಿನವನು ತಂತಿ ಸಡಿಲಿಸಿಕೊಂಡ.

ತಮ್ಮತಮ್ಮಲ್ಲೇ ಹೊಂದದ ರೀಡ್ ಮಾತ್ರ ಸರಿ ಮಾಡುವುದು ಎಂದಾಯಿತು. ಅಂಥವು 17. ಕ್ರಮ ಸರಳ: ಸ್ವರ ಏರಬೇಕಾದರೆ ನಾಲಿಗೆಯ ತುದಿ ಕೆರೆ, ಇಳಿಯಬೇಕಾದರೆ ಬುಡ ಕೆರೆ. ಹತ್ತು ಆದವು. ಹನ್ನೊಂದನೆಯದು ಕೀಬೋರ್ಡ್ ನಡುವಿನ ‘ಎಫ್ ಶಾರ್ಪ್’, ಮಾಸ್ತರರ ಭಾಷೆಯಲ್ಲಿ ಕರಿ ಮೂರು. 14 ಸೆಂಟ್ ಏರಿತ್ತು. ರಾತ್ರಿ ಹನ್ನೊಂದಾಗಿತ್ತು, ಕೈ ಚುರುಕಾಗಿದೆ ಅನ್ನಿಸುತ್ತಿತ್ತು. ನಾಲಿಗೆಯ ಅಡಿಗೆ ಆಸರೆಯಾಗಿ ತೆಳು ಉಕ್ಕಿನ ಪಟ್ಟಿ ಇಡುವುದನ್ನು ಬಿಟ್ಟು, ಹಾಗೇ ಬ್ಲೇಡ್ ಒತ್ತಿ ಬುಡ ಕೆರೆದೆ. ಮೂರನೇ ಎಳೆತಕ್ಕೆ ನಾಲಿಗೆ ಒಳಕ್ಕೆ ಕುಸಿಯಿತು. ಎತ್ತಿ ನೇರ ಮಾಡಲು ಹೋದಾಗ ಬುಡದಲ್ಲೇ ತುಂಡಾಯಿತು. ಸದ್ದೂ ಆಗಲಿಲ್ಲ.

ಆ ಗೀತೆಯನ್ನು ನಾವು ಹಾಡುವುದು ‘ಡಿ’ ಶ್ರುತಿಯಲ್ಲಿ. ಶುರುವಾಗುವುದೇ ಸ ಸ, ಗ ಗ, ಪ ಪ ಎಂದು. ಬೈಬಲಿನ ಯೆಶಾಯನ ಆರನೇ ಅಧ್ಯಾಯದಲ್ಲೂ ಪ್ರಕಟನೆಯ ನಾಲ್ಕನೇ ಅಧ್ಯಾಯದಲ್ಲೂ ಬರುವ ಆ ಮೂರು ಪರಿಶುದ್ಧಗಳಿಗೆ ಮೂರು ಮೆಟ್ಟಿಲು. ‘ಡಿ’ಯನ್ನು ಸ ಮಾಡಿಕೊಂಡರೆ ನಡುವಿನ ಮೆಟ್ಟಿಲು, ಆ ಗ, ಇದೇ ಕರಿ ಮೂರು. ನಾನು ಮುರಿದದ್ದು ಎರಡನೆಯ ‘ಪರಿಶುದ್ಧ’. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಶ್ರುತಿಯನ್ನು ಅರ್ಧಸ್ವರ ಏರಿಸಿ ‘ಇ ಫ್ಲ್ಯಾಟ್’ನಲ್ಲಿ ನುಡಿಸಬಹುದಿತ್ತು, ಕರಿ ಮೂರರ ಹಂಗು ಅಷ್ಟಾಗಿ ಇರುತ್ತಿರಲಿಲ್ಲ. ನಮ್ಮ ಸಭೆಯ ಹಿರಿಯ ಹೆಂಗಸರಿಗೆ ಈಗಲೇ ಮೇಲಿನ ಸ ಎಟುಕುವುದು ಕಷ್ಟ. ಅವರಿಗೆ ಹಾಡಲು ಬಾರದ ಎತ್ತರದಲ್ಲಿ ನುಡಿಸಲು ನಾನು ಈ ಪೆಟ್ಟಿಗೆ ಬಿಚ್ಚಿರಲಿಲ್ಲ.

ಮೇ 18: ಹೊಸ ನಾಲಿಗೆ

ಹಾರ್ಮೋನಿಯಂ ರೀಡ್ ತಂದು ಹಾಕಿದರಾಗದೆ ಎಂದು ಕೇಳಿದವರಿದ್ದಾರೆ. ಅದರ ಚೌಕಟ್ಟು ಬೇರೆ, ಸ್ಕ್ರೂ ಹಾಕಿ ಕೂರಿಸುವುದು. ಇದರದ್ದು ಕಿಂಡಿಯೊಳಗೆ ಜಾರಿ ಕೂರುವಂಥದ್ದು. ಮಾಸ್ತರರು ಒಂದು ದಾರಿ ಕಂಡುಕೊಂಡು ಬಂದಿದ್ದರು. ಹಳೆಯ ಚೌಕಟ್ಟು ಉಳಿಸಿಕೊಂಡು ನಾಲಿಗೆ ಮಾತ್ರ ಬೇರೆ ಹಾಕುವುದು.

ಹಳೆಯ ಹಾರ್ಮೋನಿಯಂನ ಉದ್ದನೆಯ ರೀಡ್ ಒಂದರ ನಾಲಿಗೆ ಬಿಚ್ಚಿ, ಕಲ್ಲಿನ ಮೇಲೆ ಎಣ್ಣೆ ಬಿಟ್ಟು ತೀಡಲು ಕೂತರು. ಬೇಕಾದದ್ದು 26 ಮಿ.ಮೀ. ಉದ್ದ, ಮೂರೂವರೆ ಅಗಲ. ಎರಡು ಸಲ ತೀಡುವುದು, ಕಿಂಡಿಯ ಮೇಲೆ ಇಟ್ಟು ಬೆಳಕಿಗೆ ಹಿಡಿಯುವುದು. ಎರಡು ಮಗ್ಗುಲೂ ಒಂದೇ ದಪ್ಪದ ಬೆಳಕಿನ ಗೆರೆ ಕಾಣಬೇಕು. ಒಂದು ಕಡೆ ಗೆರೆ ದಪ್ಪವಾದರೆ ನಾಲಿಗೆ ಅಂಚಿಗೆ ಬಡಿದು ಗುಂಯ್ ಅನ್ನುತ್ತದೆ. ಒಂದೂವರೆ ಗಂಟೆ ಹೀಗೇ ನಡೆಯಿತು. ಆಮೇಲೆ ಹಿತ್ತಾಳೆಯ ಸಣ್ಣ ರಿವೆಟ್, ಸುತ್ತಿಗೆಯ ಮೂರು ಪೆಟ್ಟು. ತುದಿಯನ್ನು ಉಗುರಿನಿಂದ ಒಂದಿಷ್ಟೇ ಎತ್ತಿದರು. ಪೂರ್ತಿ ಮಲಗಿದರೆ ಗಾಳಿ ಎಳೆದಾಗ ನಾಲಿಗೆ ಮಿಡಿಯುವುದೇ ಇಲ್ಲ.

ನುಡಿಯಿತು. ಅಕ್ಕಪಕ್ಕದ ಸ್ವರಗಳಿಗಿಂತ ದನಿ ತುಸು ಚುರುಕು. ಕಿವಿಯಿಟ್ಟು ಕೇಳಿದರೆ ಈಗಲೂ ಬೇರೆ ಗೊತ್ತಾಗುತ್ತದೆ.

ಮಾಸ್ತರರು ಗೀತೆಯ ಮೊದಲ ಸಾಲು ಕೇಳಿಸು ಅಂದರು. ಸ ಸ ಗ ಗ ಪ ಪ, ದ ದ ದ ಪ ಗ. ‘ಬಿಲಾವಲ್ ಮ್ಯಾಲ ನಡೀತೈತಿ. ಆದ್ರ ಇದು ಒಬ್ರು ಹಾಡದಲ್ಲ, ಹಿಂಡು ಹಾಡದು’ ಅಂದರು. ಕೂಲಿಯಾಗಿ 1,500ಕ್ಕಿಂತ ಹೆಚ್ಚು ಮುಟ್ಟಲಿಲ್ಲ. ಉಳಿದ ಆರು ರೀಡ್‌ಗಳನ್ನು ಅವರೆದುರೇ ಸರಿ ಮಾಡಿದೆ, ಆಸರೆ ಪಟ್ಟಿ ಇಟ್ಟುಕೊಂಡು.

ಜೂನ್ 1: ಮಳೆ, ಉಬ್ಬಿದ ಮರ

ಎರಡು ದಿನ ಮಳೆ. ಐದು ಮನೆ ಒತ್ತಿದ್ದು ಏಳಲಿಲ್ಲ. ಮನೆಯ ಕೆಳಗಿನ ಕಡ್ಡಿಗಳು ತೂತಿನಲ್ಲಿ ಬಿಗಿಯಾಗಿದ್ದವು. ಕಡ್ಡಿಗೆ ಪೆನ್ಸಿಲ್ ಸೀಸದ ಪುಡಿ ತಿಕ್ಕಿದೆ, ನಾಲ್ಕು ಸರಿಹೋದವು, ಒಂದಕ್ಕೆ ನುಣ್ಣನೆ ಎಮರಿ ಕಾಗದ ಎರಡು ಸಲ. ಎಣ್ಣೆ ಹಾಕಬಾರದು, ಮರ ಇನ್ನೂ ಉಬ್ಬುತ್ತದೆ.

ಖರ್ಚು ಇಲ್ಲಿಗೆ: ರೆಕ್ಸಿನ್ 620, ಮ್ಯಾಕಿಂಟಾಷ್ 480, ಈ ಎರಡೂ ದಂಡ. ಸರಿಯಾದ ಬಟ್ಟೆ 2,250, ಸರೇಸು 260, ಚರ್ಮ 700, ಫೆಲ್ಟ್ 540, ಪೈಪ್ 40, ಸ್ಕ್ರೂ ಇತ್ಯಾದಿ 185, ಮಾಸ್ತರರಿಗೆ 1,500. ಒಟ್ಟು 6,575. ಕಮಿಟಿಯ 5,000 ಕಳೆದು ಉಳಿದ 1,575 ನನ್ನದು. ದಂಡದ 1,100 ಹೇಗೂ ನನ್ನ ತಪ್ಪಿನದೇ.

ಜೂನ್ 8: ಟೀಚರಮ್ಮನ ಹತ್ತಿರ ಪಾಠ

ಆರ್ಗನ್ ಸರಿಯಾಯಿತು, ನುಡಿಸುವವನು ಆಗಿರಲಿಲ್ಲ. ಕೀಬೋರ್ಡಿನ ಕೈ ಇಲ್ಲಿ ನಡೆಯುವುದಿಲ್ಲ. ಮೂವತ್ತು ವರ್ಷ ಇದನ್ನು ನುಡಿಸಿದ ಟೀಚರಮ್ಮನಿಗೆ ಈಗ 79, ಮಂಡಿ ಎರಡೂ ಹೋಗಿವೆ. 1810ರಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಂದು ಕೆಲಸ ಶುರುಮಾಡಿದ ಊರು ಇದು. ಮಿಷನ್ ಶಾಲೆಯಲ್ಲಿ ಟಾನಿಕ್ ಸೋಲ್ಫಾ (ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಪದ್ಧತಿ) ಓದಿ ನಾಲ್ಕು ದನಿ ಹಾಡಲು ಕಲಿತ ತಲೆಮಾರಿನಲ್ಲಿ ನಮ್ಮ ಸಭೆಗೆ ಉಳಿದವರು ಅವರೊಬ್ಬರೇ. ಅಂದು ಇದ್ದ ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದ ಆರಾಧನೆ ಮುಗಿದ ಮೇಲೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆವು. ನಾನು ಪಕ್ಕದಲ್ಲಿ ನೆಲಕ್ಕೆ ಮಂಡಿಯೂರಿ ಎರಡು ಪೆಡಲ್‌ಗಳನ್ನು ಅಂಗೈಯಿಂದ ಒತ್ತುತ್ತ ಹೋದೆ. ಅವರು ನುಡಿಸಿದರು.

ಕೆಳಗಿನಿಂದ ನೋಡಿದಾಗ ಕಂಡದ್ದು ಅವರ ಬೆರಳು. ಒಂದು ಮನೆಯನ್ನು ಉಂಗುರಬೆರಳಿನಿಂದ ಒತ್ತಿ ಹಿಡಿದಿರುವಾಗಲೇ, ಸ್ವರ ಕಡಿಯದಂತೆ, ಅದೇ ಮನೆಗೆ ಕಿರುಬೆರಳು ಜಾರಿಸಿ ಉಂಗುರಬೆರಳನ್ನು ಮುಂದಕ್ಕೆ ಬಿಡುಗಡೆ ಮಾಡುತ್ತಿದ್ದರು. ಪ್ರತಿ ಸಾಲಿಗೂ ನಾಲ್ಕೈದು ಸಲ.

‘ನೋಡಪ್ಪ, ಮೇಲಿನ ದನಿಯಲ್ಲಿ ಎರಡು ಸ ಬಂದರೆ ನಡುವೆ ಬೆರಳು ಎತ್ತಬೇಕು, ಇಲ್ಲದಿದ್ದರೆ ಎರಡೂ ಅಂಟಿ ಒಂದೇ ಆಗ್ತಾವೆ. ಆದರೆ ಒಳಗಿನ ದನಿ ಬದಲಾಗದಿದ್ದರೆ ಅಲ್ಲಿ ಕೈ ಎತ್ತಬೇಡ. ನಾಲ್ಕೂ ಒಟ್ಟಿಗೆ ಎತ್ತಿದರೆ ಸೌದೆ ಒಡೆದಂಗಿರುತ್ತೆ.’

ಎರಡನೆಯದು ಕಾಲು. ನಾನು ತಾಳಕ್ಕೆ ಸರಿಯಾಗಿ ತುಳಿಯುತ್ತಿದ್ದೆ. ಪ್ರತಿ ತುಳಿತಕ್ಕೂ ದನಿ ಉಬ್ಬಿ ಇಳಿಯುತ್ತಿತ್ತು. ‘ಕಾಲಿಗೆ ತಾಳ ಕಲಿಸಬೇಡ. ತೊಟ್ಟಿಲು ತೂಗಿದ ಹಾಗೆ ಅದರ ಪಾಡಿಗೆ ಅದು ನಡೀಲಿ.’ ಇದು ಬರಲು ನನಗೆ ನಾಲ್ಕು ಸಂಜೆ ಹಿಡಿಯಿತು. ಹಿಡಿತ ಸಿಕ್ಕಿದ್ದು, ತುಳಿಯುತ್ತ ಅಯ್ಯನೋರ ಜೊತೆ ಬೇರೆ ಏನೋ ಮಾತಾಡುತ್ತಿದ್ದಾಗ.

ಕಾಲಿನಿಂದ ನುಡಿಸುವ ಮಂದ್ರದ ಮನೆಗಳು ಇದಕ್ಕಿಲ್ಲ, ಆದ್ದರಿಂದ ನಾಲ್ಕು ದನಿಗಳಲ್ಲಿ ಕೆಳಗಿನ ಎರಡು, ಬಾಸ್ ಮತ್ತು ಟೆನರ್, ಎಡಗೈಗೆ. ಅವೆರಡರ ನಡುವಿನ ಅಂತರ ಅಷ್ಟಮಕ್ಕಿಂತ (ಸ ಇಂದ ಮೇಲಿನ ಸ ವರೆಗಿನ ದೂರ) ಹೆಚ್ಚಾದ ಕಡೆ ಟೆನರನ್ನು ಬಲಗೈ ಹೆಬ್ಬೆರಳಿಗೆ ಕೊಟ್ಟೆ. ಪುಸ್ತಕದಲ್ಲಿ ಅಂಥ ಏಳು ಜಾಗಗಳಿಗೆ ಕೆಂಪು ಪೆನ್ಸಿಲ್ ಗುರುತು ಹಾಕಿಕೊಂಡೆ.

ಜೂನ್ 15, ತ್ರಿಯೇಕ ಭಾನುವಾರ

ಬೆಳಿಗ್ಗೆ ಆರಕ್ಕೆ ಹೋಗಿ ಪೈಪ್ ಹಚ್ಚಿ ನೋಡಿದೆ, 76. ಕೂಗುವ ಮನೆ ಒಂದೂ ಇಲ್ಲ.

ಮೊದಲ ಚರಣಕ್ಕೆ ಡಯಾಪೇಸನ್ ಮತ್ತು ಮೆಲೋಡಿಯಾ ಎಂಬ ಎರಡು ಸ್ಟಾಪ್ ಮಾತ್ರ. ಕೊನೆಯ ಸಾಲನ್ನು ಪೀಠಿಕೆಯಾಗಿ ನುಡಿಸಿ ಒಂದು ಉಸಿರಿನಷ್ಟು ಬಿಟ್ಟೆ. ಸಭೆ ಎದ್ದು ನಿಂತ ಸದ್ದು, ಬೆಂಚು ಸರಿದ ಸದ್ದು, ಆಮೇಲೆ ಎಲ್ಲರೂ ಒಟ್ಟಿಗೆ ಆ ಮೊದಲ ಸ. ಕರಿ ಮೂರಕ್ಕೆ ಬೆರಳು ಹೋಗುವಾಗ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಜನರ ದನಿಯೊಳಗೆ ಅದು ಬೇರೆಯಾಗಿ ಕೇಳಲಿಲ್ಲ.

ಮೂರನೆಯ ಚರಣದಲ್ಲಿ ತಪ್ಪು ಮಾಡಿದೆ. ಹುರುಪಿನಲ್ಲಿ ಬಾಸ್ ಕಪ್ಲರ್ ಎಂಬ ಗುಂಡಿ ಎಳೆದೆ. ಒಂದು ಮನೆ ಒತ್ತಿದರೆ ಕೆಳಗಿನ ಅಷ್ಟಮದ ಮನೆಯೂ ತೆರೆಯುತ್ತದೆ, ಗಾಳಿ ದುಪ್ಪಟ್ಟು ಬೇಕು. ಎರಡನೇ ಸಾಲಿನ ಕೊನೆಗೆ ತಿದಿ ಬಿಚ್ಚಿಕೊಳ್ಳುತ್ತಾ ಬಂತು, ದನಿ ಇಳಿಯಿತು. ಕಾಲು ಜೋರು ಮಾಡಿದೆ, ಉಬ್ಬುಬ್ಬಾಗಿ ಬಂತು. ಮುಂದಿನ ಬೆಂಚಿನಲ್ಲಿ ಟೀಚರಮ್ಮ ಹಾಡುತ್ತಲೇ ಅಂಗೈಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ತೋರಿಸಿದರು. ಕಪ್ಲರ್ ಒಳಕ್ಕೆ ತಳ್ಳಿದೆ. ನಾಲ್ಕನೆಯ ಚರಣವನ್ನು ಮೊಣಕಾಲಿನಿಂದ ತಳ್ಳಿ ದನಿ ಏರಿಸುವ ಸ್ವೆಲ್ ಒಂದರಲ್ಲೇ ದೊಡ್ಡದು ಮಾಡಿದೆ, ಸಾಕಾಯಿತು.

ಮಾಸ್ತರರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಆರಾಧನೆ ಮುಗಿದ ಮೇಲೆ ಆರ್ಗನ್ ಹತ್ತಿರ ಬಂದು ಕರಿ ಮೂರನ್ನು ಒಂದೇ ಸಲ ಒತ್ತಿ ನೋಡಿ ಹೋದರು.

ಜೂನ್ 29

ಬಾಕಿ ಇರುವುದು: ದನಿಯನ್ನು ನಡುಗಿಸುವ ಸ್ಟಾಪ್ ಆದ ವಾಕ್ಸ್ ಹ್ಯುಮಾನಾದ ತಿರುಗುಪಟ್ಟಿ ಇನ್ನೂ ತಿರುಗುತ್ತಿಲ್ಲ. ಬಲಗಡೆಯ ಪೆಡಲ್‌ನ ಪಟ್ಟಿ ಕಿರುಗುಡುತ್ತದೆ. ಇಲಿ ಬರುವ ಕೆಳಗಿನ ಕಿಂಡಿಗೆ ತಂತಿಜಾಲರಿ ಹೊಡೆದಿದ್ದೇನೆ. ಚರ್ಮದ ಅಂಚುಗಳನ್ನು ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಮೊದಲು ಮತ್ತೆ ನೋಡಬೇಕು.

ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ಭಾನುವಾರದಿಂದ ಆರಾಧನೆ ಮುಗಿದ ಮೇಲೆ ಬಂದು ನಿಲ್ಲುತ್ತಾಳೆ. ಕೂರಿಸಿದರೆ ಕಾಲು ಪೆಡಲ್‌ಗೆ ಎಟುಕುವುದಿಲ್ಲ. ಬೇವಿನ ಮರದ ಎರಡು ದಿಮ್ಮಿ, 6 ಸೆಂ.ಮೀ. ದಪ್ಪ, ಪೆಡಲ್ ಅಗಲಕ್ಕೆ ಕೊಯ್ಸಿ ಬೆಲ್ಟಿನಿಂದ ಕಟ್ಟಿದ್ದೇನೆ, ಬೇಡವಾದಾಗ ಬಿಚ್ಚಬಹುದು. ಮೊದಲ ದಿನ ಕಾಲು ಜಾರಿತು. ಉಳಿದಿದ್ದ ಕಂಬಳಿ ತುಂಡನ್ನು ಮೇಲೆ ಅಂಟಿಸಿದೆ.